ಎಡಗಡೆಯ ಹೂವು

ಅವರ ಬಲಗೈಯ ನಡುವಿನ ಮೂರು ಬೆರಳು ಸದಾ ಬೆಳ್ಳಗಿರುತ್ತಿದ್ದವು. ಸೋಪು ಹಾಕಿ ತೊಳೆದರೂ ಹೋಗದಂಥ ಬಿಳುಪು. ಬುದ್ಧಿ ಬಂದಾಗಿನಿಂದ ವಿಭೂತಿ ಉಜ್ಜಿ ಉಜ್ಜಿ ಅದು ಚರ್ಮದ ಗೆರೆಗಳೊಳಗೇ ಕೂತುಬಿಟ್ಟಿತ್ತು. ಮುಟ್ಟಿದಲ್ಲೆಲ್ಲ ಮೂರು ಗೆರೆ. ನಮ್ಮ ಮನೆ ಗೇಟಿನ ಚಿಲಕದ ಮೇಲೆ, ಅವರ ಹಳೇ ಮೊಪೆಡ್ಡಿನ ಸೀಟಿನ ಮೇಲೆ, ಓದಿ ಮಡಿಚಿಟ್ಟ ಪೇಪರಿನ ಅಂಚಿನಲ್ಲಿ, ಒಮ್ಮೆ ನಾನು ಆಸೆಪಟ್ಟು ಕೊಂಡ ಕಪ್ಪು ಬ್ಯಾಗಿನ ಮೇಲೂ. ನಾನು ರೇಗಿದ್ದಕ್ಕೆ, "ಶಿವ ಮುಟ್ಟವ್ನೆ ಅಂದ್ಕೊ. ಇನ್ನು ಈ ಬ್ಯಾಗು ಕಳೆದೋಗಕ್ಕಿಲ್ಲ" ಎಂದು ನಕ್ಕರು. ಆ ವರ್ಷವೇ ಅದು ಸಿಟಿ ಬಸ್ಸಿನಲ್ಲಿ ಕಳೆದುಹೋಯಿತು. ಬಿಡುತ್ತೇನೆಯೇ, ಹೋಗಿ ಹೇಳಿದೆ. "ತೊಳೆದುಬುಟ್ಟಿರ್ತೀಯ ಕಣವ್ವ ನೀನು" ಅಂದರು. ತೊಳೆದಿದ್ದೆ, ನಿಜ.

ಮೈಸೂರಿನ ನಜರ್‌ಬಾದಿನಲ್ಲಿ ನಮ್ಮ ಬೀದಿಯ ತುದಿಗೆ ಒಂದು ಈಶ್ವರನ ಗುಡಿಯಿದೆ. ಅವರು ಅದರ ಅರ್ಚಕರು. ಬೀದಿಗೆಲ್ಲ ಅವರು ಅಯ್ನೋರು. ಅಪ್ಪ ಅಮ್ಮನಂಥ ಹಿರಿಯರು ಎದುರಿಗೆ ನಿಂತಾಗ "ಬುದ್ಧೀ" ಎಂದು ಕರೆಯುತ್ತಿದ್ದರು. ಗುಡಿಯ ಹಿಂದೆಯೇ ಎರಡು ಕೋಣೆಯ ಮನೆ. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಬೇಯಿಸಿಕೊಂಡು, ಒಬ್ಬರೇ ರೇಡಿಯೋ ಜೊತೆ ಜಗಳವಾಡಿಕೊಂಡು ಇದ್ದರು. ಕ್ರಿಕೆಟ್ಟಿನಲ್ಲಿ ನಮ್ಮವರು ಸೋತ ದಿನ ಮಂಗಳಾರತಿಯೂ ಸ್ವಲ್ಪ ಸಿಡುಕಿನಿಂದಲೇ ಆಗುತ್ತಿತ್ತು. ಬೀದಿಯ ಯಾರ ಕಷ್ಟ ಕೇಳಿದರೂ ಕೊನೆಗೆ ಒಂದೇ ಮಾತು: "ಆಗ್ಲಿ ಬುಡಿ, ಅವ್ನು ನೋಡ್ಕತಾನೆ." ಆ ಮಾತು ನನಗೆ ಮೈ ಉರಿಸುತ್ತಿತ್ತು. ನಾನು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಯಾರು ಏನು ನೋಡಿಕೊಳ್ಳುತ್ತಾರೆ ಅನ್ನುವುದನ್ನು ನಾನು ರಿಪೋರ್ಟಿನಲ್ಲಿ ಓದುವವಳು.

ಆ ಗುಡಿಗೆ ಜನ ರಾಜೀವನಗರದಿಂದಲೂ ಬರುತ್ತಿದ್ದದ್ದು ಹೂ ಕೇಳಲಿಕ್ಕೆ. ಲಿಂಗದ ಮೇಲೆ ಬಲಗಡೆಗೊಂದು, ಎಡಗಡೆಗೊಂದು ಒದ್ದೆ ಕಣಗಿಲೆ ಹೂವು ಅಂಟಿಸಿ, ಮನಸ್ಸಿನಲ್ಲಿರುವುದನ್ನು ಬೇಡಿಕೊಳ್ಳಬೇಕು. ಬಲಗಡೆಯ ಹೂವು ಬಿದ್ದರೆ ದೇವರು ಹೂಂ ಅಂದ ಹಾಗೆ, ಎಡಗಡೆಯದು ಬಿದ್ದರೆ ಬೇಡ ಅಂದ ಹಾಗೆ. ಬೇರೆ ಗುಡಿಗಳಲ್ಲಿ ಜನ ಕಣ್ಣರಳಿಸಿ ನೋಡುತ್ತಾ ನಿಲ್ಲುತ್ತಾರೆ. ಅಯ್ನೋರ ಪದ್ಧತಿ ಬೇರೆ. ಒಂದು ಹೂವು ಬಿದ್ದು, ಉಳಿದದ್ದನ್ನೂ ತೆಗೆದು, ತಾನು ಗಂಟೆ ಬಾರಿಸುವ ತನಕ ಕೇಳುವವರು ಕಣ್ಣು ಮುಚ್ಚಿರಬೇಕು. ಗಂಟೆಯಾದ ಮೇಲೆ ಬಿದ್ದ ಹೂವನ್ನು ತಾನೇ ತಂದು ಕೈಗೆ ಕೊಟ್ಟು, ಯಾವ ಕಡೆಯದು ಅಂತ ಹೇಳುತ್ತಿದ್ದರು. ಯಾಕೆ ಹೀಗೆ ಅಂದರೆ, "ನೀವು ಅಂಗೆ ಗುರಾಯಿಸ್ತಾ ನಿಂತ್ರೆ ಅವ್ನಿಗೂ ನಾಚ್ಕೆ ಆಗಕ್ಕಿಲ್ವಾ" ಅನ್ನುತ್ತಿದ್ದರು. ಸೈಟು ಕೊಳ್ಳಬಹುದೇ, ಈ ಗಂಡು ಆಗಬಹುದೇ, ಎಲ್ಲಕ್ಕೂ ಹೂವು. ಒಬ್ಬ ಹುಡುಗ ಸೈನ್ಸ್ ತಗೊಳ್ಳಲೋ ಕಾಮರ್ಸ್ ತಗೊಳ್ಳಲೋ ಅಂತ ಕೇಳಲು ಬಂದಾಗ ಮಾತ್ರ, "ಅವ್ನು ಪಿಯುಸಿ ಓದಿಲ್ಲ ಕಣೋ, ಹೋಗಿ ನಿಮ್ಮ ಮೇಷ್ಟ್ರನ್ನ ಕೇಳು" ಎಂದು ಓಡಿಸಿದ್ದರು.

ಹೂವಿನ ವಿಷಯದಲ್ಲಿ ಆ ಮನುಷ್ಯ ಕಲ್ಲು. ನಮ್ಮ ಕಡೆಯ ಒಬ್ಬ ದೊಡ್ಡ ಕುಳ ಕಲ್ಯಾಣ ಮಂಟಪ ಕಟ್ಟಿಸಬೇಕೆಂದು ಹೂ ಕೇಳಲು ಬಂದ. ಎಡಗಡೆಯದು ಬಿತ್ತು. ಇನ್ನೊಂದು ಸಲ ಕೇಳಿ ಅಂದ. ಅಯ್ನೋರು ಆಗುವುದಿಲ್ಲ ಅಂದರು. ಗುಡಿಗೆ ಗ್ರಾನೈಟು ಹಾಕಿಸುತ್ತೇನೆ, ಬಲಗಡೆ ಅಂತ ಒಂದು ಮಾತು ಹೇಳಿಬಿಡಿ, ಮನೆಯವರ ಸಮಾಧಾನಕ್ಕೆ ಅಂದ. ಇವರು ದೀಪಕ್ಕೆ ಎಣ್ಣೆ ಹಾಕುತ್ತಾ, ತಲೆಯೆತ್ತದೆ, "ಎಡಕ್ಕೆ ಬಿದ್ದದ್ದು ಎಡಕ್ಕೇ ಸ್ವಾಮಿ. ನಾನು ಬರೀ ಹೂ ಎತ್ಕೊಡೋನು" ಅಂದರು. ನಮ್ಮ ಗುಡಿಯ ನೆಲ ಇವತ್ತಿಗೂ ರೆಡ್ ಆಕ್ಸೈಡೇ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಇಂಥವರು ಒಂದು ಸಲ ಸುಳ್ಳು ಹೇಳಿದರು. ನನ್ನ ಅಕ್ಕನಿಗಾಗಿ.

ಅಕ್ಕನಿಗೆ ರಕ್ತದ ಕ್ಯಾನ್ಸರ್. ಆಗ ಅವಳು ಗಂಡನನ್ನು ಬಿಟ್ಟು ಬಂದು, ಮಗಳ ಜೊತೆ ನಮ್ಮ ಮನೆಯಲ್ಲೇ ಇದ್ದಳು. ಮಗಳು ಪುಟ್ಟಿ ಇನ್ನೂ ಯುಕೆಜಿ. ಮೊದಲ ಸಲ ಕಾಯಿಲೆ ಔಷಧಿಗೆ ಬಗ್ಗಿತು, ಮತ್ತೆ ತಲೆಯೆತ್ತಿತು. ಮೈಸೂರಿನವರು ಬೆಂಗಳೂರಿಗೆ ಕಳಿಸಿದರು. ಬೆಂಗಳೂರಿನವರು ಇದ್ದದ್ದನ್ನೆಲ್ಲ ಮಾಡಿ, ಇನ್ನು ನಮ್ಮ ಕೈಲಿ ಏನೂ ಇಲ್ಲ ಅಂದರು. ಅಷ್ಟರಲ್ಲಿ ಅಪ್ಪನ ಹಳೇ ಸ್ನೇಹಿತರೊಬ್ಬರ ಮೂಲಕ ಜರ್ಮನಿಯ ಒಂದು ಆಸ್ಪತ್ರೆಯ ವಿಷಯ ತಿಳಿಯಿತು. ಹೊಸ ಥರದ ಚಿಕಿತ್ಸೆ. ಅಲ್ಲಿನ ಡಾಕ್ಟರು ವಿಡಿಯೋ ಕಾಲಿನಲ್ಲಿ ಮಾತಾಡಿದರು. ಒಳ್ಳೆಯ ಮನುಷ್ಯ, ಏನನ್ನೂ ಮುಚ್ಚಿಡಲಿಲ್ಲ. ಗುಣವಾಗುವ ಸಾಧ್ಯತೆ ಇದೆ, ಆದರೆ ಸಣ್ಣದು. ತಿಂಗಳುಗಟ್ಟಲೆ ಗಾಜಿನ ಕೋಣೆಯೊಳಗೆ ಒಬ್ಬಳೇ ಇರಬೇಕು. ಮಗುವನ್ನು ಹತ್ತಿರ ಬಿಡುವುದಿಲ್ಲ. ಆ ಕೋಣೆಯಿಂದ ಹೊರಗೆ ಬಾರದೆಯೂ ಹೋಗಬಹುದು.

ಅಪ್ಪನ ಕಿವಿಗೆ ಬಿದ್ದದ್ದು "ಸಾಧ್ಯತೆ ಇದೆ" ಅನ್ನುವುದಷ್ಟೇ. ಖರ್ಚಿಗೆ ಊರಿನ ಜಮೀನು ಮಾರಾಟಕ್ಕಿಟ್ಟರು. ಪಾಸ್‌ಪೋರ್ಟು ಮಾಡಿಸಿದರು. ರೇಷ್ಮೆ ಕಾರ್ಖಾನೆಯಿಂದ ನಿವೃತ್ತರಾದ ಮನುಷ್ಯ, ಜನ್ಮದಲ್ಲಿ ಉಣ್ಣೆ ಕೋಟು ತೊಟ್ಟವರಲ್ಲ, ಹೋಗಿ ಮೂರು ಕೋಟು ತಂದರು. ಅಮ್ಮ ಇಡೀ ದಿನ ಕೊತ್ತಂಬರಿ, ಮೆಣಸಿನಕಾಯಿ ಹುರಿದು ಸಾರಿನಪುಡಿ ಮಾಡಿ ಡಬ್ಬಿಗೆ ತುಂಬಿದಳು. ಪುಟ್ಟಿ ಅದಕ್ಕೆ "ಜರ್ಮನಿ ಪುಡಿ" ಅಂತ ಹೆಸರಿಟ್ಟಳು. ಪುಡಿ ತುಂಬಿದ ಅಮ್ಮನಿಗೇ ಹೋಗುವುದು ಬೇಡ ಅನ್ನಿಸುತ್ತಿತ್ತು. ಒಂದು ಗಳಿಗೆ ಹೋಗೋಣ ಅನ್ನುವಳು, ಮರುಗಳಿಗೆ ಸೆರಗು ಬಾಯಿಗಿಟ್ಟುಕೊಂಡು ಅಳುವಳು. ನಾನು ಹೋಗಲೇಬೇಕು ಅನ್ನುವ ಪಕ್ಷ. ಅಕ್ಕ ಮಾತ್ರ "ನೀವು ಹೇಗೆ ಹೇಳಿದ್ರೆ ಹಾಗೆ" ಅನ್ನುತ್ತಿದ್ದಳು.

ಅಪ್ಪ ಒಂದು ರಾತ್ರಿ ಊಟ ಬಿಟ್ಟು ಎದ್ದರು. "ಕರ್ಕೊಂಡು ಹೋಗಿ ಅಲ್ಲೇ ಕಳ್ಕೊಂಡ್ರೆ, ನಾನೇ ಕೊಂದೆ ಅನ್ಸತ್ತೆ. ಹೋಗದೇ ಕಳ್ಕೊಂಡ್ರೆ, ಹೋಗಿದ್ರೆ ಉಳೀತಿದ್ಲೇನೋ ಅಂತ ಸಾಯೋತನಕ ಕೊರೆಯತ್ತೆ. ನನ್ನ ಕೈಲಿ ಆಗಲ್ಲ ಕಣ್ರೇ. ಸೋಮವಾರ ಹೂ ಕೇಳಿಸೋಣ. ಅವನು ಹೇಗೆ ಅಂದ್ರೆ ಹಾಗೆ." ಕೈ ತೊಳೆಯುವುದನ್ನೂ ಮರೆತು ಹೋಗಿ ಮಲಗಿದರು.

ಭಾನುವಾರ ಸಂಜೆ ಅಕ್ಕ, "ನನ್ನನ್ನ ಗುಡಿ ತನಕ ಸ್ಕೂಟರಲ್ಲಿ ಬಿಡ್ತೀಯೇನೇ" ಅಂದಳು. ನಾನು ಹೊರಗೆ ಹೂ ಮಾರುವವಳ ಜೊತೆ ಹರಟುತ್ತಾ ನಿಂತೆ. ಒಳಗೆ ಅಯ್ನೋರು ಹುಣಸೆಹಣ್ಣು ಹಾಕಿ ದೀಪದ ಕಂಬ ತಿಕ್ಕುತ್ತಿದ್ದರು. ಅಕ್ಕ ಮೆಟ್ಟಿಲ ಮೇಲೆ ಕೂತು ಏನೋ ಹೇಳುತ್ತಿದ್ದಳು. ನೋಡುತ್ತಾ ನೋಡುತ್ತಾ ಅವರ ಕೈ ನಿಂತಿತು. ಆಮೇಲೆ ಮತ್ತೆ ತಿಕ್ಕಲು ಶುರುಮಾಡಿದರು, ತಿಕ್ಕಿದ ಜಾಗವನ್ನೇ ತಿಕ್ಕುತ್ತಿದ್ದರು. ವಾಪಸು ಬರುವಾಗ ಅಕ್ಕ ನನ್ನ ಸೊಂಟವನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಏನು ಬೇಡಿಕೊಂಡೆ ಅಂತ ಕೇಳಿದೆ. "ಹೂ ಸರಿಯಾಗಿ ಬೀಳ್ಲಿ ಅಂತ" ಅಂದಳು. ನಾನು ಬಲಗಡೆ ಅಂದುಕೊಂಡೆ.

ಮರುದಿನ ಪುಟ್ಟಿಯನ್ನು ಸ್ಕೂಲಿಗೆ ಬಿಟ್ಟು ನಾಲ್ವರೂ ಹೋದೆವು. ಅಯ್ನೋರು ಯಾರ ಮುಖವನ್ನೂ ನೋಡಲಿಲ್ಲ. ಎರಡು ಕಣಗಿಲೆ ನೀರಿನಲ್ಲಿ ಅದ್ದಿ ಅಂಟಿಸಿದರು. "ಕಣ್ಣು ಮುಚ್ಕಳಿ" ಅಂದರು. ನಂಬಿಕೆ ಇಲ್ಲದ ನಾನೂ ಗಟ್ಟಿಯಾಗಿ ಮುಚ್ಚಿದೆ. ಬಹಳ ಹೊತ್ತಾಯಿತು. ಹೊರಗೆ ಆಟೋ ಹೋದದ್ದು, ಯಾರೋ ಚಪ್ಪಲಿ ಬಿಟ್ಟದ್ದು, ಎಲ್ಲ ಕೇಳಿಸುತ್ತಿತ್ತು. ಕೊನೆಗೆ ಗಂಟೆಯಾಯಿತು. ಅಯ್ನೋರು ಹೊರಗೆ ಬಂದರು. ಅಂಗೈಯಲ್ಲಿ ಒಂದು ಹೂವಿತ್ತು.

"ಎಡಗಡೆ ಆಯ್ತು. ಬ್ಯಾಡ ಅಂತಾನೆ" ಅಂದರು.

"ಇನ್ನೊಂದು ಸಲ ಕೇಳಿ ಬುದ್ಧೀ" ಅಂದರು ಅಪ್ಪ. ಆ ದನಿಯನ್ನು ನಾನು ಜನ್ಮದಲ್ಲಿ ಮರೆಯಲಾರೆ.

"ಒಂದ್ ಸಲ ಕೇಳಿದ್ಮೇಲೆ ಮುಗೀತು ಯಜಮಾನ್ರೇ."

ಅಪ್ಪ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಕ್ಕ ಅವರ ಕೈ ಹಿಡಿದು, "ಏಳಿ ಅಪ್ಪ, ಮನೆಗೆ ಹೋಗೋಣ" ಅಂದಳು. ನನಗೆ ಸಿಟ್ಟು ನೆತ್ತಿಗೇರಿತು. ಒಂದು ಕಣಗಿಲೆ ಹೂವು ಡಾಕ್ಟರಿಗಿಂತ ದೊಡ್ಡದಾಯಿತೇ! "ನಿಮ್ಮ ಹೂವಿಗೆ ಬ್ಲಡ್ ರಿಪೋರ್ಟ್ ಓದಕ್ಕೆ ಬರತ್ತಾ ಅಯ್ನೋರೆ?" ಅಂತ ಎಲ್ಲರ ಎದುರಿಗೇ ಕೇಳಿದೆ. "ಇಲ್ಲ ಕಣವ್ವ, ಬರಕ್ಕಿಲ್ಲ" ಅಂದರು. ಅಷ್ಟೇ.

ಆಮೇಲಿನ ತಿಂಗಳುಗಳಲ್ಲಿ ಅಕ್ಕ ಪೂರ್ತಿ ಪುಟ್ಟಿಯವಳಾಗಿದ್ದಳು. ಜರ್ಮನಿ ಪುಡಿಯಲ್ಲಿ ಅಮ್ಮ ಸಾರು ಮಾಡುತ್ತಿದ್ದಳು, ಅಕ್ಕ ಎರಡು ತುತ್ತು ಉಣ್ಣುತ್ತಿದ್ದಳು. ಪುಟ್ಟಿಗೆ ತನ್ನ ಜಡೆ ತಾನೇ ಹೆಣೆದುಕೊಳ್ಳುವುದನ್ನು ಕಲಿಸಬೇಕು ಅಂತ ಅವಳಿಗೆ ಹಟ. ತನ್ನ ತಲೆಯಲ್ಲಿ ಕೂದಲಿರಲಿಲ್ಲ, ಹಾಗಾಗಿ ಕಿಟಕಿಯ ಸರಳಿಗೆ ಕಪ್ಪು ಉಲ್ಲನ್ ದಾರ ಕಟ್ಟಿ, ಮೂರು ಎಳೆ ಮಾಡಿ ತೋರಿಸುತ್ತಿದ್ದಳು. ಪುಟ್ಟಿ ತಪ್ಪು ಮಾಡುತ್ತಿದ್ದಳು, ಇಬ್ಬರೂ ನಗುತ್ತಿದ್ದರು. ಅಯ್ನೋರು ಸಂಜೆ ಸಂಜೆ ಬಿಲ್ವಪತ್ರೆ ತಂದು ಅಕ್ಕನ ದಿಂಬಿನ ಹತ್ತಿರ ಇಟ್ಟು, ಪುಟ್ಟಿಯ ಹಣೆಗೆ ಮೂರು ಬೆರಳು ಎಳೆದು ಹೋಗುತ್ತಿದ್ದರು. ದಸರೆ ಮುಗಿದು ಬೀದಿಯ ದೀಪಗಳನ್ನು ಬಿಚ್ಚುತ್ತಿದ್ದ ದಿನ ಅಕ್ಕ ಹೋದಳು. ಪುಟ್ಟಿ ಅವಳ ಪಕ್ಕದಲ್ಲೇ ಮಲಗಿದ್ದಳು. ಅವತ್ತು ಬೆಳಿಗ್ಗೆ ತಾನೇ ಹಾಕಿಕೊಂಡ ಜಡೆ, ಸೊಟ್ಟಗಿತ್ತು.

ಅಪ್ಪ ತಡೆದುಕೊಂಡರು. ಅತ್ತರು, ಬಡವಾದರು, ಆದರೆ ಮುರಿದುಬೀಳಲಿಲ್ಲ. ಬಂದವರಿಗೆಲ್ಲ, "ದೇವರೇ ಬೇಡ ಅಂದಮೇಲೆ ನಾವೇನು ಮಾಡೋದು" ಅನ್ನುತ್ತಿದ್ದರು. ರಾತ್ರಿ ನಿದ್ದೆ ಮಾಡುತ್ತಿದ್ದರು. ಕೆಲವು ವರ್ಷಗಳ ನಂತರ ಆ ನಿದ್ದೆಯಲ್ಲೇ ತೀರಿಕೊಂಡರು.

ಅಮ್ಮ ಹಾಗಲ್ಲ. ಅಮ್ಮ ಆ ಗುಡಿಯ ಮೆಟ್ಟಿಲು ಮತ್ತೆ ಹತ್ತಲಿಲ್ಲ. ಸೋಮವಾರ ಸೋಮವಾರ ಅಯ್ನೋರು ಮನೆಮನೆಗೆ ವಿಭೂತಿ, ಬಿಲ್ವಪತ್ರೆ ಕೊಡುತ್ತಾ ಬರುವುದು ವಾಡಿಕೆ. ನಮ್ಮ ಗೇಟಿನ ಚಿಲಕ ಸದ್ದಾದರೆ ಅಮ್ಮ ಅಡುಗೆಮನೆಯಿಂದಲೇ ಶುರುಮಾಡುತ್ತಿದ್ದಳು. "ಬಂದ್ರಾ? ಏನಂತಾನೆ ನಿಮ್ಮ ದೇವ್ರು? ಬೇಡ ಅಂದನಲ್ಲ, ಈಗ ನನ್ನ ಮಗಳನ್ನ ವಾಪಸ್ ಕೊಡಕ್ಕೆ ಹೇಳಿ. ಹೂವಂತೆ ಹೂವು! ನಿಮ್ಮ ಹೂವಿಗೆ ಬೆಂಕಿ ಹಾಕ!" ಅಯ್ನೋರು ಜಗುಲಿಯ ಕೆಳಗೆ ತಲೆ ತಗ್ಗಿಸಿ ನಿಂತು ಪೂರ್ತಿ ಕೇಳುತ್ತಿದ್ದರು. ಅಮ್ಮ ಹಣೆಗೆ ವಿಭೂತಿ ಹಚ್ಚಿಸಿಕೊಳ್ಳುತ್ತಿರಲಿಲ್ಲ. ಬೈದು ಬೈದು ಉಸಿರು ಕಟ್ಟಿದ ಮೇಲೆ ಒಂದು ಲೋಟ ಮಜ್ಜಿಗೆಯನ್ನು ಜಗುಲಿಯ ಮೇಲೆ ಕುಕ್ಕುತ್ತಿದ್ದಳು. "ಕುಡಿದು ಹೋಗಿ, ಬಿಸಿಲು. ಇನ್ನೊಂದ್ ಸಲ ಈ ಕಡೆ ಬರಬೇಡಿ." ಅವರು ಕುಡಿದು, ಲೋಟ ಬೋರಲು ಹಾಕಿ, "ಆಗ್ಲಿ ಬುಡಿ ತಾಯಿ" ಎಂದು ಹೋಗುತ್ತಿದ್ದರು. ಮುಂದಿನ ಸೋಮವಾರ ಮತ್ತೆ ಚಿಲಕದ ಸದ್ದು.

ನನಗೆ ಅರ್ಥವಾಗದೆ ಹೋದದ್ದು ಇನ್ನೊಂದು. ಅಕ್ಕನ ಹೂವಾದ ದಿನದಿಂದ ಅಯ್ನೋರು ಯಾರಿಗೂ ಹೂ ಕೇಳಿಸಲಿಲ್ಲ. ಬಂದವರಿಗೆಲ್ಲ, "ನಮ್ಮ ಗುಡೀಲಿ ಅದು ನಿಂತೋಯ್ತು, ಬ್ಯಾರೆ ಕಡೆ ಹೋಗಿ" ಅನ್ನುತ್ತಿದ್ದರು. ಜನ ಕಡಿಮೆಯಾದರು. ಅಯ್ನೋರಿಗೆ ಅರಳುಮರಳು ಅಂದರು. ಗುಡಿಗೆ ಶಕ್ತಿ ಹೋಯಿತು ಅಂತಲೂ ಆಡಿಕೊಂಡರು.

ಹೋದ ವರ್ಷ ಅವರು ಹಾಸಿಗೆ ಹಿಡಿದರು. ಕಿಡ್ನಿ. ರಕ್ತ ತೆಗೆಯಲು ನಾನೇ ಮನೆಗೆ ಹೋಗುತ್ತಿದ್ದೆ. ತೋಳು ಒಣಗಿದ ಕಡ್ಡಿಯಾಗಿತ್ತು, ಆ ಮೂರು ಬೆರಳು ಮಾತ್ರ ಇನ್ನೂ ಬೆಳ್ಳಗಿದ್ದವು. ಒಂದು ದಿನ ನಾನು ತೋಳಿಗೆ ಪಟ್ಟಿ ಕಟ್ಟುತ್ತಿರುವಾಗ, "ನಿಮ್ಮಮ್ಮ ಹೆಂಗವ್ರೆ? ಸೋಮವಾರ ಬರಕ್ಕಾಗ್ಲಿಲ್ಲ, ಬೈದ್ರಾ?" ಎಂದು ಕೇಳಿದರು.

"ನೀವು ಬಂದ್ರೂ ಬೈತಾರೆ, ಬರದಿದ್ರೂ ಬೈತಾರೆ. ಅದಿರ್ಲಿ, ಹೂ ಕೇಳ್ಸೋದು ಯಾಕೆ ಬಿಟ್ರಿ? ಇವತ್ತಾದ್ರೂ ಹೇಳಿ" ಅಂದೆ.

ಅವರು ಬಾಗಿಲಾಚೆ ಯಾರಾದರೂ ಇದ್ದಾರೋ ಅಂತ ನೋಡಿದರು. ಆಮೇಲೆ, "ಅವತ್ತು ಹೂ ಬಿದ್ದಿದ್ದು ಬಲಗಡೇದು ಕಣವ್ವ" ಅಂದರು.

ನಾನು ಕೈಯಲ್ಲಿದ್ದ ಸೂಜಿಯನ್ನು ಕೆಳಗಿಟ್ಟೆ.

"ಹಿಂದಿನ್ ಸಂಜೆ ನಿಮ್ಮಕ್ಕ ಬಂದಿತ್ತಲ್ಲ. 'ಅಯ್ನೋರೆ, ನಂಗೆ ಹೋಗಕ್ಕೆ ಇಷ್ಟ ಇಲ್ಲ. ಗಾಜಿನ ಕೋಣೇಲಿ ಮಲಗ್ಕೊಂಡು, ಮಗೂನ ಫೋನಲ್ಲಿ ನೋಡ್ಕೊಂಡು ಸಾಯಲಾರೆ. ಇರೋ ಅಷ್ಟು ದಿನ ಅವಳ ಪಕ್ಕ ಮಲಗ್ತೀನಿ. ಆದ್ರೆ ಬೇಡ ಅಂತ ಅಪ್ಪನ ಮುಖ ನೋಡಿ ಹೇಳಕ್ಕೆ ಬಾಯಿ ಬರಲ್ಲ. ದೇವ್ರು ಬೇಡ ಅಂದ್ರೆ ಅಪ್ಪ ತಡ್ಕೊತಾರೆ' ಅಂತು. ನಾನು, 'ಅವ್ನು ಹೂಂ ಅಂದ್ಬುಟ್ರೆ?' ಅಂದೆ. 'ಆಗ ನೀವು ನೋಡ್ಕೊಳ್ಳಿ' ಅಂತ ಎದ್ದು ಹೋಗ್ಬುಡ್ತು. ರಾತ್ರಿಯೆಲ್ಲ ಬೇಡ್ಕಂಡೆ, ಎಡಗಡೇದು ಬೀಳ್ಸಪ್ಪಾ, ನನ್ನ ಮರ್ಯಾದೆ ಉಳ್ಸಪ್ಪಾ ಅಂತ. ಅವ್ನು ಬಲಗಡೇದೇ ಕೊಟ್ಟ."

ಉಸಿರು ಎಳೆದುಕೊಂಡರು. ನಾನು ನೀರು ಕುಡಿಸಿದೆ.

"ಶಿವನ ಬಾಯ್ಗೆ ನನ್ನ ಮಾತು ತುರುಕ್ಬುಟ್ಟೆ. ಅಂಥ ಕೈಲಿ ಇನ್ನೊಬ್ರಿಗೆ ಹೆಂಗೆ ಹೂ ಎತ್ಕೊಡ್ಲಿ? ಹೋಗಿದ್ರೆ ಉಳೀತಿತ್ತೋ ಏನೋ ಆ ಕೂಸು. ಯಾರಿಗ್ ಗೊತ್ತು? ಅದು ನನ್ನ ತಲೆ ಮೇಲೈತೆ, ಇರ್ಲಿ."

ನನಗೆ ಅಳು ತಡೆಯಲಾಗಲಿಲ್ಲ. "ಅಮ್ಮನಿಗೆ ಹೇಳ್ತೀನಿ ಅಯ್ನೋರೆ. ಅಕ್ಕನೇ ಕೇಳ್ಕೊಂಡಿದ್ದು ಅಂತ ಗೊತ್ತಾದ್ರೆ ಅಮ್ಮ ನಿಮ್ಮನ್ನ ಒಂದು ಮಾತೂ ಅನ್ನಲ್ಲ" ಅಂದೆ. ಅವರು ಗಾಬರಿಯಿಂದ ನನ್ನ ಮಣಿಕಟ್ಟು ಹಿಡಿದರು. "ಬ್ಯಾಡ ಕಣವ್ವ. ನಾನಿರೋಗಂಟ ಬ್ಯಾಡ. ಆಯಮ್ಮ ಬೈಕೊಂಡು ಬದುಕವ್ರೆ." ಮನೆಗೆ ಬಂದು ನೋಡಿಕೊಂಡರೆ ಮಣಿಕಟ್ಟಿನ ಮೇಲೆ ಮೂರು ಗೆರೆ. ಅವತ್ತು ನಾನು ತೊಳೆಯಲಿಲ್ಲ.

ಮಾಘದ ಒಂದು ಬೆಳಿಗ್ಗೆ ಅವರು ಹೋದರು. ಸುದ್ದಿ ಬಂದಾಗ ಅಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಅವಳ ಎದುರಿಗೆ ಕೂತು, ಅಯ್ನೋರು ಹೇಳಿದ್ದೆಲ್ಲವನ್ನೂ ಹೇಳಿದೆ. ಅಕ್ಕ ಸಂಜೆ ಹೋಗಿ ಕೇಳಿಕೊಂಡದ್ದು, ಬಲಗಡೆಯ ಹೂವು ಬಿದ್ದದ್ದು, ಅವರು ಎಡಗಡೆ ಅಂದದ್ದು. ಅಮ್ಮ ಕಿರುಚುತ್ತಾಳೆ ಅಂದುಕೊಂಡಿದ್ದೆ. ಅವಳು ಕಾಯಿ ಬಿಡಿಸುತ್ತಲೇ ಇದ್ದಳು.

"ಬಲಗಡೇದು ಬಿದ್ದಿದ್ದು ಗೊತ್ತು ಕಣೇ" ಅಂದಳು. "ನಾನು ಕಣ್ಣು ಬಿಟ್ಟಿದ್ದೆ."

"ಏನಂದೆ?"

"ಹೆತ್ತ ಹೊಟ್ಟೆ, ತಡೀಲಿಲ್ಲ. ಕಣ್ಣು ಬಿಟ್ಟು ಮೊದಲು ನಿಮ್ಮಕ್ಕನ್ನ ನೋಡ್ದೆ. ಅವಳು ಕಣ್ಣು ಮುಚ್ಕೊಂಡು ಬೇಡ, ಬೇಡ ಅಂತ ತಲೆ ಆಡಿಸ್ತಿದ್ಲು, ಸಣ್ಣ ಮಗು ಔಷಧಿ ಬೇಡ ಅನ್ನತ್ತಲ್ಲ ಹಾಗೆ. ಆಮೇಲೆ ದೇವರ ಕಡೆ ತಿರುಗಿದೆ. ಬಲಗಡೆ ಹೂವು ನನ್ನ ಕಣ್ಣೆದುರಿಗೇ ಜಾರ್ತು. ಅಯ್ನೋರು ಅದನ್ನ ಎತ್ಕೊಂಡು ತಿರುಗಿದ್ರು, ನನ್ನ ನೋಡಿದ್ರು. ನಾನು ನೋಡಿದ್ದು ಅವ್ರಿಗೆ ಗೊತ್ತಾಯ್ತು. ನಾನು ಬಾಯಿ ಬಿಟ್ಟು ಒಂದು ಮಾತು ಅಂದಿದ್ರೆ ಆಗ್ತಿತ್ತು. ಅನ್ನಲಿಲ್ಲ. ಮತ್ತೆ ಕಣ್ಣು ಮುಚ್ಕೊಂಡ್ಬಿಟ್ಟೆ. ಆಮೇಲೇ ಅವ್ರು ಗಂಟೆ ಹೊಡೆದಿದ್ದು."

"ಮತ್ತೆ ಇಷ್ಟು ವರ್ಷ ಅವರನ್ನ ಯಾಕಮ್ಮ ಬೈದೆ?"

"ಇನ್ಯಾರನ್ನ ಬೈಲಿ?" ಅಮ್ಮನ ಕೈ ಈಗ ನಿಂತಿತು. "ನನ್ನ ನಾನೇ ಬೈಕೊಂಡಿದ್ರೆ ಬದುಕ್ತಿದ್ನೇನೇ? ಪುಟ್ಟಿನ ಯಾರು ಸಾಕ್ತಿದ್ರು? ಅವ್ರಿಗೆ ಎಲ್ಲ ಗೊತ್ತಿತ್ತು. ಅದಕ್ಕೇ ಬರ್ತಿದ್ರು ಕಣೇ ಆ ಮಹರಾಯರು, ತಪ್ಪದೇ ಬರ್ತಿದ್ರು."

ಇಲವಾಲದ ಹತ್ತಿರ ಅವರ ಹಿರಿಯರ ಹೊಲದ ಮೂಲೆಯಲ್ಲಿ ಗುಣಿ ತೋಡಿದ್ದರು. ನಾನು, ಅಮ್ಮ, ಪುಟ್ಟಿ ಮೂವರೂ ಹೋದೆವು. ಪುಟ್ಟಿ ಈಗ ಕಾಲೇಜು ಹುಡುಗಿ, ಜಡೆ ನೇರವಾಗಿ ಹಾಕಿಕೊಳ್ಳುತ್ತಾಳೆ. ನಮ್ಮ ಪದ್ಧತಿಯಂತೆ ಅವರನ್ನು ಕೂರಿಸಿ, ಮೈತುಂಬ ವಿಭೂತಿ ಹಚ್ಚಿ, ಬಿಲ್ವಪತ್ರೆ ಸುರಿದಿದ್ದರು. ಕೂತಿದ್ದರೂ ನಮ್ಮ ಜಗುಲಿಯ ಕೆಳಗೆ ನಿಲ್ಲುತ್ತಿದ್ದ ಹಾಗೇ ಕಾಣುತ್ತಿದ್ದರು, ತಲೆ ಸ್ವಲ್ಪ ತಗ್ಗಿ. ಜನ ಒಬ್ಬೊಬ್ಬರಾಗಿ ಹೂ ಹಾಕುತ್ತಿದ್ದರು. ಅಮ್ಮನ ಸರದಿ ಬಂದಾಗ ಅವಳು ಹೂ ಹಾಕಲಿಲ್ಲ. ಅವರ ಬಲಗೈಯ ಮೂರು ಬೆರಳುಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಬಗ್ಗಿ ತನ್ನ ಹಣೆಯ ಮೇಲೆ ಎಳೆದುಕೊಂಡಳು. ಮೂರು ಗೆರೆ ಮೂಡಿತು. ಹಿಂದಿದ್ದವರು ಹೊತ್ತಾಯಿತು ಅಂದರು. ಅಮ್ಮ ಅವರ ಕೈಯನ್ನು ಮೆಲ್ಲಗೆ ಮಡಿಲಿಗಿಟ್ಟು, ಕಿವಿಯ ಹತ್ತಿರ ಬಗ್ಗಿ ಹೇಳಿದಳು:

"ಸೋಮವಾರ ಬನ್ನಿ ಬುದ್ಧೀ."